ನಾಲ್ಕು ದಿಕ್ಕಿನ ಸುಳ್ಳು

ಜುಲೈ ಬಂತೆಂದರೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಪತ್ರಿಕಾ ದಿನಾಚರಣೆಗಳ ಸಾಲು. ಶಾಮಿಯಾನ, ಹಾರ, ಶಾಲು, ಮೈಸೂರು ಪೇಟ, ಕೊನೆಗೆ ಎಲ್ಲರಿಗೂ ಬಿಸಿಬೇಳೆಬಾತು. ದೀಪ ಹಚ್ಚಿದ ಉದ್ಘಾಟಕರು ಮೈಕಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು ಆಡುವ ಮೊದಲ ಮಾತು ನನಗೆ ಬಾಯಿಪಾಠವಾಗಿ ಹೋಗಿದೆ. "ನ್ಯೂಸ್ ಅಂದರೇನು? ನಾರ್ತ್, ಈಸ್ಟ್, ವೆಸ್ಟ್, ಸೌತ್. ನಾಲ್ಕೂ ದಿಕ್ಕಿನಿಂದ ಬರುವುದೇ ನ್ಯೂಸ್!" ಚಪ್ಪಾಳೆ. ಈ ಮಾತನ್ನು ನಾನು ಶಾಸಕರ ಬಾಯಲ್ಲಿ ಕೇಳಿದ್ದೇನೆ, ತಹಸೀಲ್ದಾರರ ಬಾಯಲ್ಲಿ ಕೇಳಿದ್ದೇನೆ, ಪತ್ರಿಕೋದ್ಯಮ ಕಲಿಸುವ ಮೇಷ್ಟರ ಬಾಯಲ್ಲೂ ಕೇಳಿದ್ದೇನೆ. ಜೀವಮಾನವೆಲ್ಲ ಡೆಸ್ಕಿನಲ್ಲಿ ಕೂತು ಬೇರೆಯವರ ಕಾಗುಣಿತ ತಿದ್ದಿದ ನನ್ನಂಥವರು ಮುಂದಿನ ಸಾಲಿನಲ್ಲಿ ತಲೆಯಾಡಿಸುತ್ತ ಕೂತಿರುತ್ತೇವೆ.

ತಲೆಯಾಡಿಸುವುದನ್ನು ನಾನು ಬಿಟ್ಟದ್ದು ಕಳೆದ ವರ್ಷ. ಅಂಥದೇ ಒಂದು ಸಮಾರಂಭದಲ್ಲಿ ಹೈಸ್ಕೂಲು ಮಕ್ಕಳಿಗೆ ರಸಪ್ರಶ್ನೆ ಇಟ್ಟಿದ್ದರು. "ನ್ಯೂಸ್ ಪದದ ಫುಲ್ ಫಾರ್ಮ್ ಏನು?" ಎಂದು ನಿರೂಪಕರು ಕೇಳಿದರು. ಮೊದಲ ತಂಡದಿಂದ ಒಬ್ಬ ಹುಡುಗ ಎದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಮೊಣಕೈ ದಾಟಿ ಇಳಿದಿದ್ದ ಅಣ್ಣನ ಕಾಲದ ಅಂಗಿ. "ಅದಕ್ಕೆ ಫುಲ್ ಫಾರ್ಮ್ ಇಲ್ಲ ಸಾರ್. ನ್ಯೂ ಅಂದ್ರೆ ಹೊಸದು. ಅದಕ್ಕೇ ಎಸ್ ಸೇರ್ಸಿದ್ದಾರೆ ಅಷ್ಟೆ" ಅಂದ. ನಿರೂಪಕರು ಕೈಯಲ್ಲಿದ್ದ ಚೀಟಿ ತಿರುಗಿಸಿ ನೋಡಿ, ನಕ್ಕು, "ತಪ್ಪು. ಪಾಸ್" ಅಂದರು. ಪಕ್ಕದ ತಂಡ ಒಂದೇ ಉಸಿರಿಗೆ ನಾಲ್ಕು ದಿಕ್ಕು ಕೂಗಿ ಹತ್ತು ಅಂಕ ಹೊಡೆಯಿತು. ಹುಡುಗ ಕೂತ. ಎರಡನೇ ಸಾಲಿನಲ್ಲಿದ್ದ ನಾನು ಎದ್ದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸಮಾರಂಭ ಕೆಡಿಸುವುದು ಯಾಕೆ ಎಂಬ ಹಾಳು ಸಂಕೋಚ.

ಅಂದು ನುಂಗಿಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಹುಡುಗ ಹೇಳಿದ್ದೇ ಸರಿ. ಚೀಟಿ ಬರೆದವರು, ಚಪ್ಪಾಳೆ ತಟ್ಟಿದವರು, ಸುಮ್ಮನೆ ಕೂತ ನಾನು, ಎಲ್ಲರೂ ತಪ್ಪು.

ಇಂಗ್ಲಿಷಿನಲ್ಲಿ 'ನ್ಯೂ' ಎಂಬ ಗುಣವಾಚಕಕ್ಕೆ ಬಹುವಚನದ ಪ್ರತ್ಯಯ ಹಚ್ಚಿ 'ಹೊಸವು, ಹೊಸ ಸಂಗತಿಗಳು' ಎಂಬ ಅರ್ಥದಲ್ಲಿ ಬಳಸಲು ತೊಡಗಿದ್ದು 14ನೇ ಶತಮಾನದ ಕೊನೆಯ ಹೊತ್ತಿಗೆ. ಮುಂದಿನ ನೂರು ವರ್ಷದಲ್ಲಿ ಅದು 'ಸಮಾಚಾರ' ಎಂಬ ಅರ್ಥಕ್ಕೆ ನೆಲೆ ನಿಂತಿತು. ಈ ಬಗೆಯ ಪ್ರಯೋಗಕ್ಕೆ ಮೇಲ್ಪಂಕ್ತಿ ಪಕ್ಕದಲ್ಲೇ ಇತ್ತು. ಫ್ರೆಂಚಿನಲ್ಲಿ ಸುದ್ದಿಗೆ 'ನುವೆಲ್' ಅನ್ನುತ್ತಾರೆ, ಅದೂ 'ಹೊಸ' ಎಂಬ ಪದದ ಬಹುವಚನವೇ. ಮಧ್ಯಯುಗದ ಲ್ಯಾಟಿನ್ನಿನಲ್ಲಿ 'ನೋವ', ಅದೂ ಹಾಗೆಯೇ. ಬಹುವಚನದ ನೆನಪು ಇಂಗ್ಲಿಷಿನಲ್ಲಿ ಬಹಳ ಕಾಲ ಉಳಿದಿತ್ತು. ಶೇಕ್ಸ್‌ಪಿಯರನ ನಾಟಕಗಳಲ್ಲಿ ಪಾತ್ರಗಳು ಒಮ್ಮೆ 'ಈ ಸುದ್ದಿ' ಅನ್ನುತ್ತವೆ, ಒಮ್ಮೆ 'ಈ ಸುದ್ದಿಗಳು' ಅನ್ನುತ್ತವೆ, ಎರಡಕ್ಕೂ ಅದೇ ನ್ಯೂಸ್. ಇವತ್ತು ಇಂಗ್ಲಿಷ್ ಮೇಷ್ಟರು ನ್ಯೂಸಿಗೆ 'ಈಸ್' ಹಚ್ಚಬೇಕು, 'ಆರ್' ಹಚ್ಚಬಾರದು ಎಂದು ಮಕ್ಕಳಿಗೆ ಒತ್ತಿ ಒತ್ತಿ ಹೇಳಬೇಕಾಗುವುದು ಬಾಲದಲ್ಲಿ ಈಗಲೂ ಅಂಟಿಕೊಂಡಿರುವ ಆ ಬಹುವಚನದಿಂದಾಗಿ. ಆ ಬಾಲ ಸೌತ್‌ನ ಎಸ್ ಆಗಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ.

ಇನ್ನು ಕಾಗುಣಿತ ನೋಡಿ. 1622ರಲ್ಲಿ ಲಂಡನ್ನಿನಲ್ಲಿ ವಾರದ ಸುದ್ದಿಹಾಳೆಗಳು ಅಚ್ಚಾಗತೊಡಗಿದವು. ಅವುಗಳ ತಲೆಬರಹದಲ್ಲಿ ಈ ಪದ ಎನ್, ಇ, ಡಬ್ಲ್ಯೂ, ಇ, ಎಸ್ ಎಂದು ಐದು ಅಕ್ಷರದಲ್ಲಿದೆ. ನಡುವೆ ಎರಡು ಇ. ಹಾಗಾದರೆ ಅಂದಿನ ಇಂಗ್ಲೆಂಡಿನಲ್ಲಿ ಸೂರ್ಯ ಎರಡು ಕಡೆ ಹುಟ್ಟುತ್ತಿದ್ದನೆ? ಇನ್ನೂ ಹಿಂದಿನ ಕೈಬರಹಗಳಲ್ಲಿ ಎರಡನೆಯ ಇ ಇದ್ದಲ್ಲಿ ಐ ಇದೆ, ವೈ ಇದೆ. ಆ ದಿಕ್ಕುಗಳು ಯಾವುವು ಎಂದು ನಮ್ಮ ಉದ್ಘಾಟಕರನ್ನೇ ಕೇಳಬೇಕು. ಅದೂ ಹೋಗಲಿ, ದಿಕ್ಕುಗಳನ್ನು ಉತ್ತರ, ಪೂರ್ವ, ಪಶ್ಚಿಮ, ದಕ್ಷಿಣ ಎಂಬ ಕ್ರಮದಲ್ಲಿ ಎಣಿಸುವವರನ್ನು ಎಲ್ಲಾದರೂ ಕಂಡಿದ್ದೀರಾ? ಇಂಗ್ಲಿಷಿನವರು ನಾರ್ತ್, ಸೌತ್, ಈಸ್ಟ್, ವೆಸ್ಟ್ ಅನ್ನುತ್ತಾರೆ. ನಾವು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಅನ್ನುತ್ತೇವೆ. ಪ್ರದಕ್ಷಿಣೆ ಬಂದರೂ ಪೂರ್ವದ ಮುಂದೆ ದಕ್ಷಿಣ ಸಿಗುತ್ತದೆಯೇ ಹೊರತು ಪಶ್ಚಿಮ ಸಿಗುವುದಿಲ್ಲ. ಪದ ಮೊದಲೇ ಇತ್ತು, ದಿಕ್ಕುಗಳನ್ನು ಆಮೇಲೆ ಹಿಡಿದು ತಂದು ಸಾಲಾಗಿ ನಿಲ್ಲಿಸಿದರು ಎಂಬುದಕ್ಕೆ ಈ ಅಡ್ಡಾದಿಡ್ಡಿ ಕ್ರಮವೇ ಸಾಕ್ಷಿ.

ನಿಲ್ಲಿಸಿದವರು ಯಾರು ಎಂಬುದರ ಸುಳಿವೂ ಇದೆ. 1640ರ ಒಂದು ಇಂಗ್ಲಿಷ್ ಚಮತ್ಕಾರ ಪದ್ಯಗಳ ಸಂಕಲನದಲ್ಲಿ, ನ್ಯೂಸಿನ ಅಕ್ಷರ ಬಿಡಿಸಿದರೆ ನಾಲ್ಕು ದಿಕ್ಕು ಸಿಗುತ್ತದೆ ಎನ್ನುವ ಪುಟ್ಟ ಪದ್ಯವಿದೆ. ಊಟವಾದ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳುವ ತಮಾಷೆ ಅದು. ಪದ ಆ ಹೊತ್ತಿಗೆ ಇನ್ನೂರು ವರ್ಷಕ್ಕೂ ಹಳೆಯದು. ಅವರು ನಗುವುದಕ್ಕೆ ಬರೆದದ್ದನ್ನು ನಾವು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಅಚ್ಚು ಹಾಕಿ, ಬಸ್ ಸ್ಟ್ಯಾಂಡಿನಲ್ಲಿ ಮಾರಿ, ನೌಕರಿಗೆ ಓದುವ ಹುಡುಗರಿಂದ ಉರು ಹೊಡೆಸುತ್ತಿದ್ದೇವೆ.

ನನ್ನ ಜಗಳ ಈ ಒಂದು ಪದದ ಜತೆಗಷ್ಟೇ ಅಲ್ಲ. ನಮ್ಮನ್ನು ಹಿಡಿದಿರುವುದು ಫುಲ್ ಫಾರ್ಮ್ ಎಂಬ ರೋಗ. ಯಾವ ಇಂಗ್ಲಿಷ್ ಪದ ಕಂಡರೂ ಅದು ಯಾರೋ ಕಚೇರಿಯಲ್ಲಿ ಕೂತು ಇನಿಷಿಯಲ್ ಜೋಡಿಸಿ ಮಾಡಿದ್ದು ಎಂಬ ನಂಬಿಕೆ. ಗಾಲ್ಫ್ ಎಂದರೆ ಗಂಡಸರಿಗೆ ಮಾತ್ರ, ಹೆಂಗಸರಿಗೆ ಪ್ರವೇಶವಿಲ್ಲ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಂತೆ. 1457ರಲ್ಲೇ ಸ್ಕಾಟ್ಲೆಂಡಿನ ಪಾರ್ಲಿಮೆಂಟು, ಜನ ಬಿಲ್ಲುವಿದ್ಯೆ ಬಿಟ್ಟು ಈ ಆಟಕ್ಕೆ ಬಿದ್ದಿದ್ದಾರೆಂದು ಅದನ್ನು ಹೆಸರು ಹೇಳಿ ನಿಷೇಧಿಸಿತ್ತು. ಹೆಂಗಸರ ಮಾತು ಅಲ್ಲೆಲ್ಲೂ ಇಲ್ಲ.

'ಪಾಷ್' ಎಂಬ ಪದದ್ದು ಇನ್ನೂ ಸ್ವಾರಸ್ಯದ ಕತೆ, ಅದರಲ್ಲಿ ನಮ್ಮ ದೇಶವೂ ಬರುತ್ತದೆ. ಇಂಗ್ಲೆಂಡಿನಿಂದ ಬೊಂಬಾಯಿಗೆ ಪಿ ಅಂಡ್ ಓ ಕಂಪನಿಯ ಹಡಗಿನಲ್ಲಿ ಬರುವ ಸಾಹೇಬರು, ಬರುವಾಗ ಎಡಗಡೆಯ ಕೋಣೆ, ಹೋಗುವಾಗ ಬಲಗಡೆಯ ಕೋಣೆ ಹಿಡಿಯುತ್ತಿದ್ದರಂತೆ, ಬಿಸಿಲು ತಪ್ಪಿಸಿಕೊಳ್ಳಲು. ಅವರ ಟಿಕೆಟಿನ ಮೇಲೆ 'ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್' ಎಂಬುದರ ನಾಲ್ಕು ಅಕ್ಷರದ ಮೊಹರು ಬೀಳುತ್ತಿತ್ತಂತೆ, ಅದರಿಂದ ಪಾಷ್ ಹುಟ್ಟಿತಂತೆ. ಕೇಳಲು ಎಷ್ಟು ಚೆಂದ! ಆದರೆ ಅಂಥ ಮೊಹರು ಬಿದ್ದ ಒಂದೇ ಒಂದು ಟಿಕೆಟ್ಟು ಇವತ್ತಿನವರೆಗೆ ಯಾರ ಕೈಗೂ ಸಿಕ್ಕಿಲ್ಲ. 19ನೇ ಶತಮಾನದ ಬೀದಿಮಾತಿನಲ್ಲಿ ಪಾಷ್ ಎಂದರೆ ಚಿಲ್ಲರೆ ಕಾಸು, ಠೀವಿಯ ಶೋಕಿಲಾಲ ಎಂಬ ಅರ್ಥಗಳು ದಾಖಲಾಗಿವೆ. ಕಾಸಿನ ಅರ್ಥದ ಪದ ರೊಮಾನಿ ಜನರ ಭಾಷೆಯಲ್ಲಿ 'ಅರ್ಧ' ಎಂದಾಗುವ ಪಾಷ್‌ನಿಂದ ಬಂದದ್ದು ಎಂದು ವಿದ್ವಾಂಸರ ಅಭಿಪ್ರಾಯ. ಶ್ರೀಮಂತಿಕೆಯ ಪಾಷ್ ಅದರಿಂದಲೇ ಬಂತೇ ಎಂಬುದು ತೀರ್ಮಾನವಾಗದ ಮಾತು. ಆದರೆ ರೊಮಾನಿ ನಮ್ಮ ಉತ್ತರ ಭಾರತದಿಂದ ಹೊರಟು ಯುರೋಪ್ ಸೇರಿದ ಇಂಡೋ ಆರ್ಯನ್ ಭಾಷೆ ಎಂಬುದರಲ್ಲಿ ಅನುಮಾನವಿಲ್ಲ. ಸಾಹೇಬರ ಹಡಗು ಬಿಡಿ, ಕಾಲ್ನಡಿಗೆಯಲ್ಲಿ ಹೋದ ಅಲೆಮಾರಿಗಳ ಬಾಯಲ್ಲಿ ಒಂದು ಪದ ಖಂಡ ದಾಟಿ ಲಂಡನ್ನಿನ ಗಲ್ಲಿ ಸೇರಿದ ಕತೆ ಇದಕ್ಕಿಂತ ನೂರು ಪಾಲು ದೊಡ್ಡದು. ಅದನ್ನು ಯಾವ ರಸಪ್ರಶ್ನೆಯಲ್ಲೂ ಕೇಳುವುದಿಲ್ಲ, ಯಾಕೆಂದರೆ ಅದಕ್ಕೆ ನಾಲ್ಕೇ ಶಬ್ದದ ಉತ್ತರವಿಲ್ಲ.

ಇನಿಷಿಯಲ್ ಜೋಡಿಸಿ ಪದ ಮಾಡುವ ಚಾಳಿ ಜಗತ್ತಿಗೆ ಹೊಸದು. ರೇಡಾರ್ ಬಂದದ್ದು 1940ರಲ್ಲಿ, ನೇಟೊ 1949ರಲ್ಲಿ. ಈ ಬಗೆಯ ಪದಗಳಿಗೆ 'ಆಕ್ರೊನಿಮ್' ಎಂಬ ಹೆಸರು ಇಂಗ್ಲಿಷಿನಲ್ಲಿ ರೂಢಿಗೆ ಬಂದದ್ದೂ ಅದೇ ದಶಕದಲ್ಲಿ. ಅದಕ್ಕೂ ಮೊದಲು ಇಂಥವು ಇರಲೇ ಇಲ್ಲ ಎಂದಲ್ಲ, ಆದರೆ ಬಲು ಅಪರೂಪ. ಅಪರೂಪದ್ದಕ್ಕೆ ಒಳ್ಳೆಯ ಉದಾಹರಣೆ 'ಓಕೆ'. 1839ರ ಮಾರ್ಚ್ 23ರಂದು ಬಾಸ್ಟನ್ ಮಾರ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. 'ಆಲ್ ಕರೆಕ್ಟ್' ಎಂಬುದನ್ನು ಬೇಕೆಂದೇ ತಪ್ಪು ಕಾಗುಣಿತದಲ್ಲಿ ಬರೆದು, ಅದರ ಮೊದಲಕ್ಷರ ತೆಗೆದ ಕುಚೋದ್ಯ. ಮರುವರ್ಷ ಅಧ್ಯಕ್ಷೀಯ ಚುನಾವಣೆಯಲ್ಲಿ ಮಾರ್ಟಿನ್ ವಾನ್ ಬ್ಯೂರನ್ನನ ಬೆಂಬಲಿಗರು, ಅವನ ಊರು ಕಿಂಡರ್‌ಹುಕ್ ಹೆಸರು ಸೇರಿಸಿ, ಅದನ್ನೇ ಘೋಷಣೆ ಮಾಡಿಕೊಂಡರು. ಪದ ಬದುಕಿತು, ಅಧ್ಯಕ್ಷ ಸೋತ. ಇದನ್ನೆಲ್ಲ ಅಲೆನ್ ವಾಕರ್ ರೀಡ್ ಎಂಬ ವಿದ್ವಾಂಸ 1960ರ ದಶಕದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ, ಪುಟ, ತಾರೀಖು ತೋರಿಸಿ ಸಿದ್ಧಮಾಡಿದ. ಫುಲ್ ಫಾರ್ಮ್ ಇದೆ ಅನ್ನುವವರು ಕೊಡಬೇಕಾದದ್ದು ಇಂಥ ಪುರಾವೆ. ನಮ್ಮಲ್ಲಿ ಓಕೆಗೆ 'ಆಬ್ಜೆಕ್ಷನ್ ಕಿಲ್ಡ್' ಎಂಬ ಇನ್ನೊಂದು ಫುಲ್ ಫಾರ್ಮ್ ವಾಟ್ಸ್ಆ್ಯಪಿನಲ್ಲಿ ಓಡಾಡುತ್ತಿದೆ. ಅದಕ್ಕೆ ಪುಟವೂ ಇಲ್ಲ, ತಾರೀಖೂ ಇಲ್ಲ, ಕೆಳಗೆ ಮಾತ್ರ 'ಹತ್ತು ಜನಕ್ಕೆ ಕಳಿಸಿ' ಎಂಬ ಅಪ್ಪಣೆ ಇರುತ್ತದೆ.

ಕನ್ನಡಿಗರಾದ ನಮಗೆ ಈ ರೋಗ ಬೇಗ ಅಂಟುವುದಕ್ಕೆ ನಮ್ಮದೇ ಒಂದು ಕಾರಣವಿದೆ ಎಂದು ನನ್ನ ಗುಮಾನಿ. ನಮ್ಮ ದೊಡ್ಡ ಸಾಹಿತಿಗಳೇ ಫುಲ್ ಫಾರ್ಮ್ ಇದ್ದವರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದರು. ಅನಕೃ, ತರಾಸು, ಪುತಿನ, ವಿಸೀ, ತೀನಂಶ್ರೀ, ಡಿವಿಜಿ. ಕನ್ನಡ ಸಾಹಿತ್ಯ ಪರಿಷತ್ತೂ ಕಸಾಪ. ಇಷ್ಟು ಜನರ ನಡುವೆ ಬೆಳೆದವನಿಗೆ ಪ್ರತಿ ಪದದ ಹಿಂದೆಯೂ ಒಂದು ಪೂರ್ತಿ ಹೆಸರು ಅಡಗಿದೆ ಅನ್ನಿಸಿದರೆ ತಪ್ಪೇನು? ತಪ್ಪಿಲ್ಲ. ಆದರೆ ಕುವೆಂಪು ಎಂಬುದಕ್ಕೆ ಒಬ್ಬ ಮನುಷ್ಯನಿದ್ದಾನೆ, ಊರಿದೆ, ಅಪ್ಪನ ಹೆಸರಿದೆ. ನ್ಯೂಸಿಗೆ ಅಪ್ಪನ ಹೆಸರು ಕೇಳಿದರೆ 'ನ್ಯೂ' ಎಂದು ಹುಡುಗ ಹೇಳಿದ. ಅದನ್ನು ಒಪ್ಪದೆ ನಾವು ನಾಲ್ಕು ಜನ ಬಾಡಿಗೆ ಅಪ್ಪಂದಿರನ್ನು ಕರೆತಂದೆವು.

ಈ ಮಾತನ್ನು ಹೇಳಿದಾಗಲೆಲ್ಲ ಹಿರಿಯ ಗೆಳೆಯರೊಬ್ಬರು ತಡೆಯುತ್ತಾರೆ. "ಅಲ್ಲಯ್ಯಾ, ನಮ್ಮ ಪರಂಪರೆಯೂ ಇದೇ ಅಲ್ಲವೇ? 'ಗು' ಅಂದರೆ ಕತ್ತಲೆ, 'ರು' ಅಂದರೆ ಅದನ್ನು ಕಳೆಯುವವನು, ಅದಕ್ಕೇ ಗುರು. ಅದನ್ನೂ ಸುಳ್ಳು ಅನ್ನುತ್ತೀಯಾ?" ಪದದ ಚರಿತ್ರೆ ಎಂದು ಹೇಳಿದರೆ ಸುಳ್ಳೇ. ಗುರು ಎಂದರೆ ಭಾರವಾದದ್ದು. ಛಂದಸ್ಸಿನಲ್ಲಿ ಲಘು, ಗುರು ಅನ್ನುವಾಗ ಇರುವುದು ಆ ಗುರುವೇ. ಲ್ಯಾಟಿನ್ನಿನ 'ಗ್ರಾವಿಸ್' ಅದರ ದಾಯಾದಿ, ಇಂಗ್ಲಿಷಿನ ಗ್ರಾವಿಟಿ ಅದರ ಮೊಮ್ಮಗಳು. ಕತ್ತಲೆ ಕಳೆಯುವ ವಿವರಣೆ ಭಕ್ತನ ಮನಸ್ಸಿನದು, ಧ್ಯಾನಕ್ಕೆ ಹೇಳಿದ್ದು. ಅಲ್ಲಿ ಅದು ಇರಲಿ, ಚೆನ್ನಾಗಿದೆ. ಮಠದಲ್ಲಿ ಯಾರೂ ಅದನ್ನು ಚೀಟಿಯಲ್ಲಿ ಬರೆದುಕೊಂಡು ಹುಡುಗನಿಗೆ 'ತಪ್ಪು, ಪಾಸ್' ಅನ್ನುವುದಿಲ್ಲವಲ್ಲ.

ಊರಿನ ಹೆಸರಿನಲ್ಲೂ ನಾವು ಹೀಗೇ ಮೋಸ ಹೋಗಿದ್ದೇವೆ. ಹೊಯ್ಸಳರ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು, ಅದೇ ಬೆಂಗಳೂರು ಎಂದು ಪ್ರಾಥಮಿಕ ಶಾಲೆಯಿಂದ ಕೇಳಿದ್ದೇವೆ. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ಗುಡಿಯ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಅದು ಗಂಗರ ಕಾಲದ್ದು, ಸುಮಾರು 890ನೇ ಇಸವಿ. ಮುದುಕಿ ಕಾಳು ಬೇಯಿಸಲು ಒಲೆ ಹಚ್ಚುವುದಕ್ಕೆ ಹೆಚ್ಚುಕಡಿಮೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಬೇಗೂರಿಗೆ ಸಿಟಿ ಬಸ್ಸಿನಲ್ಲಿ ಹೋಗಿ ಆ ಕಲ್ಲು ನೋಡಿ ಬರಬಹುದು. ನೋಡಿದವರಿಗಿಂತ ಕಾಳಿನ ಕತೆ ಹೇಳುವವರೇ ಹೆಚ್ಚು.

"ಇರಲಿ ಬಿಡಪ್ಪ, ಮಕ್ಕಳಿಗೆ ನೆನಪಿರುತ್ತೆ, ಕತೆ ಚೆನ್ನಾಗಿದೆ, ಯಾರಿಗೇನು ನಷ್ಟ?" ಇದು ನಾನು ಎದುರಿಸುವ ಕೊನೆಯ ವಾದ, ಎಲ್ಲಕ್ಕಿಂತ ಗಟ್ಟಿ ವಾದ ಕೂಡ. ನಷ್ಟ ಎರಡಿದೆ.

ಒಂದು, ಮಗುವಿನ ಕಿವಿ ಹಾಳಾಗುತ್ತದೆ. ನ್ಯೂ ಎಂಬುದು ಕನ್ನಡ ಮಗುವಿಗೆ ಅಪರಿಚಿತ ಪದವೇನಲ್ಲ. ಸಂಸ್ಕೃತದ 'ನವ', ಲ್ಯಾಟಿನ್ನಿನ 'ನೋವುಸ್', ಇಂಗ್ಲಿಷಿನ 'ನ್ಯೂ' ಒಂದೇ ಬುಡದ ಕೊಂಬೆಗಳು. ನವೋದಯ ಶಾಲೆಗೆ ಪರೀಕ್ಷೆ ಬರೆಯುವ ಹುಡುಗಿ, ನವ್ಯ ಕಾವ್ಯ ಪಾಠ ಮಾಡುವ ಮೇಷ್ಟರು, ನವೀನ ಎಂದು ಮಗನಿಗೆ ಹೆಸರಿಟ್ಟ ತಾಯಿ, ಇವರ ಬಾಯಲ್ಲೆಲ್ಲ ನ್ಯೂಸಿನ ನೆಂಟರಿದ್ದಾರೆ. ಇಷ್ಟು ಹತ್ತಿರದ ಸಂಬಂಧವನ್ನು ಮಗು ತಾನೇ ಕೇಳಿಸಿಕೊಂಡು 'ಅರೆ!' ಅನ್ನುವ ಗಳಿಗೆಯನ್ನು ಫುಲ್ ಫಾರ್ಮ್ ಕಿತ್ತುಕೊಳ್ಳುತ್ತದೆ. ಇನ್ನೂ ಮುಂದೆ ಹೋದರೆ, ಉರ್ದು ಮಾತಾಡುವ ಗೆಳೆಯನ ಮನೆಯಲ್ಲಿ ಪತ್ರಿಕೆಗೆ ಅಖ್ಬಾರ್ ಅನ್ನುತ್ತಾರೆ. ಅರಬ್ಬಿಯಲ್ಲಿ ಅದು ಖಬರ್ ಎಂಬುದರ ಬಹುವಚನ, ಸುದ್ದಿಗಳು ಎಂದು. ಇಂಗ್ಲಿಷು, ಫ್ರೆಂಚು, ಅರಬ್ಬಿ ಮೂರೂ ಸುದ್ದಿಯನ್ನು ಒಂಟಿಯಾಗಿ ಬಿಡಲಿಲ್ಲ. ಒಂದು ಸುದ್ದಿ ಎಲ್ಲಿ ಬರುತ್ತದೆ, ಬಂದರೆ ಹತ್ತು ಬರುತ್ತವೆ ಎಂಬ ಅನುಭವ ಈ ವ್ಯಾಕರಣದೊಳಗೇ ಇದ್ದಂತಿದೆ.

ಇನ್ನೊಂದು ನಷ್ಟ ನಮ್ಮ ಕಸುಬಿಗೆ ಸಂಬಂಧಿಸಿದ್ದು, ಹೇಳಲು ಸ್ವಲ್ಪ ಮುಜುಗರ. ನಾಲ್ಕು ದಿಕ್ಕಿನ ಕತೆ ಪತ್ರಕರ್ತರಿಗೆ ಇಷ್ಟವಾಗುವುದು ಅದು ನಮ್ಮನ್ನು ಹೊಗಳುತ್ತದೆ ಎಂಬ ಕಾರಣಕ್ಕೆ. ಎಂಟೂ ದಿಕ್ಪಾಲಕರಲ್ಲದಿದ್ದರೂ ನಾಲ್ವರಾದರೂ ನಮ್ಮ ಸಂಬಳದಲ್ಲಿದ್ದಾರೆ ಎಂಬ ಭಾವ! ಪುಟ ತೆರೆದು ನೋಡಿ. ಜಿಲ್ಲೆಗೊಂದು ಆವೃತ್ತಿ ಮಾಡಿದ ಮೇಲೆ ಬೀದರಿನ ಸುದ್ದಿ ಬೀದರಿನವರಿಗೆ ಮಾತ್ರ, ಚಾಮರಾಜನಗರದ್ದು ಚಾಮರಾಜನಗರದವರಿಗೆ ಮಾತ್ರ. ಉತ್ತರದವನಿಗೆ ದಕ್ಷಿಣದ ಗಾಳಿಯೇ ಸೋಕದಂತೆ ಗೋಡೆ ಕಟ್ಟಿದವರು ನಾವು. ಟಿವಿಯವರದು ಇನ್ನೂ ಸುಲಭ, ಬೆಂಗಳೂರಿನ ಸ್ಟುಡಿಯೋದ ನಾಲ್ಕು ಗೋಡೆಗಳೇ ಅವರ ನಾಲ್ಕು ದಿಕ್ಕು. 'ಹೊಸತು' ಎಂಬ ಸಣ್ಣ, ಸಂಕೋಚದ ಪದ ಇಂಥ ಯಾವ ಜಂಬವನ್ನೂ ಕೊಡಲಿಲ್ಲ. ನಿನ್ನೆ ಇರಲಿಲ್ಲ, ಇವತ್ತು ಇದೆ, ಅಷ್ಟೇ ಅದು ಹೇಳಿದ್ದು.

ಹಾಗೆಂದು ನಿಜವಾದ ಮೂಲ ಸಿಕ್ಕ ಕೂಡಲೆ ಅದನ್ನೇ ಶಾಸನ ಮಾಡಿಕೊಳ್ಳುವುದೂ ಬೇಡ. ವೇದಿಕೆಯ ಎರಡನೇ ಭಾಷಣಕಾರರ ನೆಚ್ಚಿನ ಮಾತು, "ಸುದ್ದಿ ಎಂದರೆ ಶುದ್ಧಿ, ಆದ್ದರಿಂದ ಸುದ್ದಿ ಶುದ್ಧವಾಗಿರಬೇಕು." ಸುದ್ದಿ ಶುದ್ಧಿಯ ತದ್ಭವವೆಂಬುದು ನಿಜ. ಶುದ್ಧವಾಗಿರಬೇಕು ಎಂಬ ಆಸೆಯೂ ಒಳ್ಳೆಯದೇ. ನಡುವಿನ 'ಆದ್ದರಿಂದ' ಮಾತ್ರ ಖೊಟ್ಟಿ. ಮೂಲಾರ್ಥವೇ ಆಜ್ಞೆಯಾಗುವುದಾದರೆ ಆಕಾಶವಾಣಿಯ ವಾರ್ತೆಯಲ್ಲಿ ಬೇಸಾಯ, ದನ, ವ್ಯಾಪಾರ ಬಿಟ್ಟು ಬೇರೇನೂ ಬರಕೂಡದು, ಯಾಕೆಂದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವಾರ್ತೆ ಎಂದರೆ ಆ ಮೂರೇ. ನಾವು ಜುಲೈ ಒಂದರಂದು ನೆನೆಯುವ ಮೋಗ್ಲಿಂಗ್, 1843ರಲ್ಲಿ ಮಂಗಳೂರಿನಲ್ಲಿ ಹೊರಡಿಸಿದ ಮೊದಲ ಕನ್ನಡ ಪತ್ರಿಕೆಗೆ 'ಮಂಗಳೂರ ಸಮಾಚಾರ' ಎಂದು ಹೆಸರಿಟ್ಟರು. ಸಂಸ್ಕೃತದಲ್ಲಿ ಸಮಾಚಾರ ಎಂದರೆ ನಡತೆ, ಆಚಾರ. ಇಂಗ್ಲಿಷಿನ 'ನೈಸ್' ಹುಟ್ಟಿದ್ದು 'ಏನೂ ತಿಳಿಯದವ' ಎಂಬ ಲ್ಯಾಟಿನ್ ಪದದಿಂದ. 'ಅನುಮಾನ'ವನ್ನು ತರ್ಕಶಾಸ್ತ್ರದಿಂದ ತಂದು ನಾವು ಗಂಡ ಹೆಂಡಿರ ನಡುವೆ ಇಟ್ಟೆವು. ಪದ ಎಲ್ಲಿಂದ ಹೊರಟಿತು ಎಂಬುದೊಂದು ಸಂಗತಿ, ಈಗ ಎಲ್ಲಿದೆ ಎಂಬುದು ಇನ್ನೊಂದು. ಈ ವ್ಯತ್ಯಾಸವನ್ನು ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಕಾಗದಗಳಿಗೆ ಉತ್ತರ ಬರೆಯುತ್ತ ತಾಳ್ಮೆಯಿಂದ ಕಲಿಸಿದರು. ಆ ಅಂಕಣ ಬರುತ್ತಿದ್ದ ನಾಡಿನಲ್ಲಿ ನಾವು ಚೀಟಿಯಲ್ಲಿ ಉತ್ತರ ಬರೆದುಕೊಳ್ಳುತ್ತಿದ್ದೇವೆ.

ಮೊನ್ನೆ ಆ ರಸಪ್ರಶ್ನೆಯ ಸಂಘದವರೇ ಫೋನ್ ಮಾಡಿದ್ದರು. ಈ ಸಲ ಪ್ರಶ್ನೆಗಳನ್ನು ನೀವೇ ಬರೆದುಕೊಡಬೇಕು ಸಾರ್ ಅಂದರು. ಒಪ್ಪಿಕೊಂಡೆ, ಫುಲ್ ಫಾರ್ಮ್ ಪ್ರಶ್ನೆ ಒಂದೂ ಇರುವುದಿಲ್ಲ ಎಂಬ ಷರತ್ತಿನ ಮೇಲೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ಒಂದಾದರೂ ಇರಲಿ ಸಾರ್, ಮಕ್ಕಳು ಅದನ್ನೇ ಓದ್ಕೊಂಡು ಬಂದಿರ್ತಾರೆ."

"ಸರಿ, ಕುವೆಂಪು ಕೇಳೋಣ" ಅಂದೆ.